ಶನಿವಾರದ ಹಣಗಿ

ದಿನಕರ್ಮ ಮುಗಿದು, ಅಥಣಿಯ ಚಿಕ್ಕಪ್ಪಂದಿರೂ ನಿಪ್ಪಾಣಿಯ ಸೋದರತ್ತೆಯೂ ಬಸ್ಸು ಹತ್ತಿ ಹೋದ ಮರುದಿನ ಬೆಳಗ್ಗೆ ಎಮ್ಮೆ ಎಂದಿನಂತೆ ಕೂಗಿತು. ಅದಕ್ಕೆ ಹಸಿವಾಗಿತ್ತು. ತುಳಸಾ ಎದ್ದು ಮೇವು ಹಾಕಿದಳು. ಅತ್ತೆ ದುಂಡವ್ವ ಹಾಲು ಹಿಂಡಿದಳು. ಮೈದುನ ದುರಗಪ್ಪ ಸೈಕಲ್ಲಿಗೆ ಕ್ಯಾನು ಕಟ್ಟಿಕೊಂಡು ಡೇರಿಗೆ ಹೋದ. ಯಾರೂ ಅಳಲಿಲ್ಲ. ಅಳಿಸುವುದಕ್ಕೆಂದು ಬಂದವರು ಹೋದ ಮೇಲೆ ಮನೆಯವರಿಗೆ ಕೆಲಸವಿರುತ್ತದೆ.

ಅತ್ತೆ ಚಹಾ ಸುರಿದುಕೊಳ್ಳುತ್ತ ಸೊಸೆಯ ತಲೆ ನೋಡಿದಳು.

"ತಲಿ ಬಾಚ್ಕೊ. ಇಲ್ಲಾಂದ್ರ ನಿನಗೂ ಜಡಿ ಬರತಾವ. ಒಂದ ಜಡಿ ಮುಟ್ಟಿ ಮಗನ್ನ ಕಳಕೊಂಡೀನಿ, ಇನ್ನೊಂದ ಮನಿಯಾಗ ಬ್ಯಾಡ."

ತುಳಸಾ ಬಾಚಿಕೊಳ್ಳಲಿಲ್ಲ. ಗಂಡ ಸತ್ತ ದಿನ ಬಿಚ್ಚಿದ ತುರುಬು ಹಾಗೆಯೇ ಇತ್ತು. ಹಳೆಯ ಸೀರೆಯೊಂದು ಬೇಕಾಗಿ ಟ್ರಂಕು ತೆಗೆದಳು. ಸೀರೆಗಳ ಮೇಲೆಯೇ ಇತ್ತು, ಗಂಡ ಜೇಬಿನಲ್ಲಿಟ್ಟುಕೊಳ್ಳುತ್ತಿದ್ದ ಬಿಳಿ ದಸ್ತಿ. ಅದರಲ್ಲಿ ಸುತ್ತಿದ್ದ ಕಟ್ಟಿಗೆಯ ಹಣಗಿ. ಒಂದು ಕಡೆ ಅಗಲ ಹಲ್ಲು, ಇನ್ನೊಂದು ಕಡೆ ಹೇನು ತೆಗೆಯುವ ಒತ್ತು ಹಲ್ಲು. ಕುಸುಬಿ ಎಣ್ಣೆ ಕುಡಿದು ಕಪ್ಪಾಗಿತ್ತು. ಹಲ್ಲುಗಳ ಬುಡದಲ್ಲಿ ಎಳೆಯ ಹುಡುಗಿಯ ಕೂದಲು ಸಿಕ್ಕಿಕೊಂಡಿದ್ದವು.

ಮರೆತಿರಲಿಲ್ಲ ಅವಳು. ಟ್ರಂಕು ತೆಗೆಯದೆ ಇದ್ದಳು, ಅಷ್ಟೆ.

ಸತ್ತ ದಿನ ಬೆಳಗ್ಗೆ ಗಂಡ ಹಾಲಸಿದ್ದ ಹೊಲಕ್ಕೆ ಹೊರಟವನು ಬಾಗಿಲಲ್ಲಿ ನಿಂತು ಹೇಳಿದ್ದ. "ತುಳಸಾ, ಆ ಹುಡುಗಿ ಕೆಂಪಿ ಅದಾಳಲ್ಲ, ಅಕಿ ಅವ್ವನ ಹಣಗಿ ನಿನ್ನ ಟ್ರಂಕಿನ್ಯಾಗ ಇಟ್ಟೀನಿ. ಎರವಲ ತಂದದ್ದು. ನಾ ಮರತ್ರ ನೀ ಮುಟ್ಟಿಸಿಬಿಡು." ಅವಳು ಚಹಾ ಸೋಸುತ್ತಿದ್ದಳು. "ಹೂಂ" ಅಂದಿದ್ದಳು.

ಸಾಯುವ ಮನಸ್ಸು ಮಾಡಿದವರು ತಮ್ಮ ವಸ್ತುಗಳನ್ನು ಹಂಚುತ್ತಾರೆ, ಎರವಲು ತಂದದ್ದನ್ನು ತಿರುಗಿಸುತ್ತಾರೆ. ಇದನ್ನು ಧಾರವಾಡದಲ್ಲಿ ಮನಶ್ಶಾಸ್ತ್ರದ ಎಂ.ಎ. ಪರೀಕ್ಷೆಯಲ್ಲಿ ತುಳಸಾ ತನ್ನ ಕೈಯಿಂದಲೇ ಬರೆದಿದ್ದಳು. ಆ ಪೇಪರಿಗೆ ಒಳ್ಳೆಯ ಮಾರ್ಕ್ಸು ಬಿದ್ದಿದ್ದವು.

ಹತ್ತೂವರೆಗೆ ಶಾಲೆಯ ಗಂಟೆ ಬಾರಿಸಿತು. ಎಂದಿನ ಹೊತ್ತಿಗೆ, ಎಂದಿನಷ್ಟೇ ಜೋರಾಗಿ.

*

ಅವಳ ವಿದ್ಯೆ ಆ ಮನೆಯಲ್ಲಿ ಒಂದು ನಗೆಯ ವಸ್ತುವಾಗಿತ್ತು. "ಹುಚ್ಚರ ವಿದ್ಯಾ ಕಲತ ಬಂದಾಳ ನನ್ನ ಸೊಸಿ. ನಮ್ಮನ್ಯಾಗ ಹುಚ್ಚರಿಲ್ಲವಾ, ಎಮ್ಮಿ ಅದಾವ," ಎಂದು ದುಂಡವ್ವ ಬಂದವರಿಗೆಲ್ಲ ಹೇಳುತ್ತಿದ್ದಳು. ಕೃಷ್ಣೆಯ ದಂಡೆಗೆ ಅಂಕಲಿಯಿಂದ ಸ್ವಲ್ಪ ದೂರದ ಊರು ಅದು. ಕುರಿ ಮೇಯಿಸಿದ ಮನೆತನ, ಈಗ ನಾಲ್ಕು ತುಂಡು ಕಬ್ಬಿನ ಹೊಲ, ಒಂದು ಬಾವಿ. ಆ ಮನೆತನದಲ್ಲಿ ಮಾಸ್ತರಕಿ ಹಿಡಿದವನು ಹಾಲಸಿದ್ದ ಒಬ್ಬನೇ. ಊರ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುತ್ತಿದ್ದ.

ಹೆಂಡತಿಯ ವಿದ್ಯೆಯನ್ನು ನಗದೆ ಕೇಳಿದವನೂ ಅವನೊಬ್ಬನೇ. ಧಾರವಾಡದಲ್ಲಿ ಮಾಸ್ತರರಿಗೆಂದು ನಡೆದ ಒಂದು ತರಬೇತಿಗೆ ತಾನಾಗಿ ಹೆಸರು ಕೊಟ್ಟು ಹೋಗಿ ಬಂದ. ಬಂದವನೇ ಹೆಡ್‌ಮಾಸ್ತರರ ಮುಂದೆ ನಿಂತು ಒಂದು ಖೋಲಿ ಕೇಳಿದ. ಮಕ್ಕಳು ತಮ್ಮ ಮನಸ್ಸಿನ ತ್ರಾಸು ಹೇಳಿಕೊಳ್ಳುವುದಕ್ಕೆ.

"ಹರಟಿ ಹೊಡಿಯಾಕ ಸರ್ಕಾರಿ ಖೋಲಿ ಬೇಕೇನ್ರಿ ಮಾಸ್ತರ?" ಎಂದು ಹೆಡ್‌ಮಾಸ್ತರರು ನಕ್ಕರು. ಆದರೂ ರಂಗಮಂಟಪದ ಹಿಂದಿನ, ಹರಿದ ಜಮಖಾನೆ ತುಂಬಿದ್ದ ಖೋಲಿ ಬಿಟ್ಟುಕೊಟ್ಟರು.

ಶನಿವಾರ ಮುಂಜಾನೆಯ ಶಾಲೆ ಬಿಟ್ಟ ಮೇಲೆ ಹಾಲಸಿದ್ದ ಅಲ್ಲಿ ಕೂಡುತ್ತಿದ್ದ. ಬಾಗಿಲು ತೆರೆದೇ ಇರುತ್ತಿತ್ತು. ಮೊದಮೊದಲು ಯಾರೂ ಬರಲಿಲ್ಲ. ಆಮೇಲೆ ಗಣಿತದ ತಾಸಿಗೆ ಬವಳಿ ಬಂದು ಬೀಳುವ ಹುಡುಗ ಬಂದ. ಹಾಸಿಗೆಯಲ್ಲಿ ಉಚ್ಚೆ ಹೊಯ್ಯುವ ಎಂಟನೆಯ ಇಯತ್ತೆಯ ಹುಡುಗಿ ಬಂದಳು. ಅವಳ ಹಿಂದೆ ಅವಳ ಅವ್ವ ಬಂದಳು, ಮಗಳ ಮಾತು ಮುಗಿಯುವ ಮೊದಲೇ ತನ್ನ ಮಾತು ತೆಗೆದಳು. ಹೀಗೆ ಅವ್ವಂದಿರು ಸಾಲು ಹಚ್ಚಿದರು. ಹಾಲಸಿದ್ದನಿಗೆ ಹೇಳಲು ಹೆಚ್ಚೇನೂ ಬರುತ್ತಿರಲಿಲ್ಲ. ನೆಲ ನೋಡುತ್ತ ಕುಳಿತು, "ಹೂಂ, ಮುಂದ?" ಅನ್ನುತ್ತಿದ್ದ. ಹುಡುಗರು ಅವನಿಗೆ ಹೂಂಮುಂದ ಮಾಸ್ತರ ಎಂದು ಹೆಸರಿಟ್ಟರು. ಬಸ್‌ಸ್ಟ್ಯಾಂಡಿನಲ್ಲಿ ಅವನು ಕಂಡರೆ ಹಿಂದಿನಿಂದ ಯಾರಾದರೂ "ಹೂಂ?" ಎಂದು ಕೂಗಿದರೆ ಇನ್ಯಾರೋ "ಮುಂದ?" ಅನ್ನುತ್ತಿದ್ದರು. ಅವನೂ ನಗುತ್ತಿದ್ದ.

ಕೆಂಪಿ ಬಂದದ್ದು ಅವನ ಕೊನೆಯ ವರ್ಷದ ಮಳೆಗಾಲದಲ್ಲಿ. ಬಂದಳು ಅನ್ನುವುದಕ್ಕಿಂತ, ಶಾಲೆಯ ಗಂಟೆ ಹೊಡೆದು ನೀರು ತುಂಬುವ ಮೆಹರುಬಿ ಅವಳ ರಟ್ಟೆ ಹಿಡಿದು ತಂದಳು. ತಾಯಿ ಎರಡನೆಯ ಬಾಣಂತನದಲ್ಲಿ ಸತ್ತಿದ್ದಳು. ತಂದೆ ಇಚಲಕರಂಜಿಯ ಮಗ್ಗಕ್ಕೆ ಹೋದವನು ಅಲ್ಲಿಯೇ ಬೇರೆ ಸಂಸಾರ ಹೂಡಿದ್ದ. ಅಜ್ಜಿ ಲಗಮವ್ವನ ಜೊತೆಗಿದ್ದ ಹುಡುಗಿ ಮಾತು ಬಿಟ್ಟಿದ್ದಳು, ತಲೆ ಬಾಚುವುದನ್ನೂ ಬಿಟ್ಟಿದ್ದಳು. ಯಾರು ಹಣಗಿ ಹಿಡಿದು ಬಂದರೂ ಕಚ್ಚುತ್ತಿದ್ದಳು. ಕೂದಲು ಗಂಟಾಗಿ, ಗಂಟು ಜಡೆಯಾಯಿತು.

ಆ ಸೀಮೆಯಲ್ಲಿ ಹುಡುಗಿಯ ತಲೆಯಲ್ಲಿ ತಾನಾಗಿ ಜಡೆ ಕಟ್ಟಿದರೆ ಯಾರೂ ಹಣಗಿ ಮುಟ್ಟಿಸುವುದಿಲ್ಲ, ಕತ್ತರಿ ಹಚ್ಚುವುದಿಲ್ಲ. ಎಲ್ಲವ್ವ ಬಂದು ಕುಂತಾಳ, ಅಮ್ಮನ ಜಡಿ ಅನ್ನುತ್ತಾರೆ. ಭಂಡಾರದ ಅರಿಶಿನ ಹಚ್ಚಿ ಕೈ ಮುಗಿಯುತ್ತಾರೆ. ಜಡೆ ಬಂದ ಮೇಲೆ ಮುತ್ತು ಬರಬೇಕು, ಮುತ್ತು ಕಟ್ಟಿಸಿಕೊಂಡವಳು ದೇವಿಯವಳು, ದೇವಿಯವಳೆಂದರೆ ಊರ ಗಂಡಸರವಳು. ಇದನ್ನು ನಿಲ್ಲಿಸುವ ಕಾಯ್ದೆ ಬಂದು ಐದಾರು ವರ್ಷವಾಗಿತ್ತು. ಅದಕ್ಕೇ ಈಗ ದರ್ಶನಕ್ಕೆಂದು ಹುಣ್ಣಿಮೆಗೆ ಎಲ್ಲವ್ವನ ಗುಡಿಯಿರುವ ಕೊಕಟನೂರಿನ ಬಸ್ಸು ಹತ್ತಿ, ಮುತ್ತನ್ನು ದಾರಿಯಲ್ಲಿ ಯಾರದೋ ಮನೆಯ ಒಳಗೋಣೆಯಲ್ಲಿ ಕಟ್ಟುತ್ತಿದ್ದರು.

ರೊಟ್ಟಿ ತಿನ್ನುತ್ತ ಹಾಲಸಿದ್ದ ಕೇಳಿದ್ದ. "ಏನ ಮಾಡೂದು? ಅಕಿ ಬಾಯಿ ಬಿಡವಲ್ಲಳು."

"ಕಂಡವರ ಹಣಗಿಗೆ ಅಕಿ ತಲಿ ಕೊಡೂದಿಲ್ಲ. ಅಕಿ ಅವ್ವನ ಹಣಗಿ ತರಸ್ರಿ," ಎಂದಿದ್ದಳು ತುಳಸಾ. ಪಲ್ಯ ಬಡಿಸುತ್ತ ಹೇಳಿದ ಮಾತು.

ಅವನು ಲಗಮವ್ವನ ಮನೆಗೆ ಹೋಗಿ ಎರವಲು ಕೇಳಿದ. "ಸತ್ತಾಕಿ ಒಡವಿ ಐತ್ರಿ, ತಿರಗಿ ಕೊಡಬೇಕು," ಎಂದು ಮುದುಕಿ ಮಾತು ತೆಗೆದುಕೊಂಡು ಕೊಟ್ಟಳು. ಹುಡುಗಿ ಅದನ್ನು ನೋಡಿಕೊಂಡು ಕೂಡಲಿ ಎಂದಷ್ಟೇ ಕೇಳುತ್ತಾನೆ, ಬಾಚುವುದಕ್ಕಲ್ಲ ಅಂದುಕೊಂಡಿದ್ದಳು. ಆ ಶನಿವಾರ ಕೆಂಪಿ ಹಣಗಿಯನ್ನು ಮೂಸಿ ನೋಡಿದಳು. ಆಮೇಲೆ ಅದನ್ನು ಮೆಹರುಬಿಯ ಕೈಗೆ ಕೊಟ್ಟು ತಲೆ ಬಗ್ಗಿಸಿದಳು. ಶನಿವಾರಕ್ಕೊಂದಿಷ್ಟು, ಎಣ್ಣೆ ಹಾಕಿ ಎಳೆ ಎಳೆಯಾಗಿ. ಹಾಲಸಿದ್ದ ಗೋಡೆಯ ಕಡೆ ಮುಖ ಮಾಡಿ ಕೂಡುತ್ತಿದ್ದ. ಅರ್ಧ ತಲೆ ಬಿಚ್ಚುವ ಹೊತ್ತಿಗೆ ಹುಡುಗಿ ಮಾತಾಡತೊಡಗಿದಳು. ಲಗಮವ್ವ ಬಂದು ಜಗಳ ತೆಗೆದಳು, ಮಣ್ಣು ತೂರಿದಳು. ಆದರೆ ಮನೆಯಲ್ಲಿ ಮೊಮ್ಮಗಳು "ಆಯಿ, ರೊಟ್ಟಿ ಕೊಡು" ಎಂದು ಕೇಳತೊಡಗಿದ್ದಳು, ಅದಕ್ಕೇ ಮುದುಕಿಯ ಬಾಯಿ ಅರ್ಧಕ್ಕೇ ನಿಂತಿತ್ತು.

ಅರ್ಧ ತಲೆ ಉಳಿದಿರುವಾಗ ಹಾಲಸಿದ್ದ ತನ್ನ ಹೊಲದ ಬಾವಿಯಲ್ಲಿ ಸತ್ತ.

ಆ ವರ್ಷ ಅವನು ರಾತ್ರಿ ನಿದ್ದೆ ಮಾಡುತ್ತಿರಲಿಲ್ಲ ಎಂಬುದು ತುಳಸಾಗೆ ಗೊತ್ತಿತ್ತು. "ಕೇಳಿದ್ದೆಲ್ಲಾ ಎಲ್ಲಿ ಹಾಕೂದು ತುಳಸಾ?" ಎಂದು ಒಮ್ಮೆ ಕೇಳಿದ್ದ. "ಬಾವಿಗೆ ಹಾಕ್ರಿ," ಎಂದು ಅವಳು ನಕ್ಕಿದ್ದಳು.

*

ಮೆಹರುಬಿ ಬಂದದ್ದು ಊಟದ ಬಿಡುವಿನಲ್ಲಿ, ಹಿತ್ತಲ ಬಾಗಿಲಿನಿಂದ. ಒಳಗೆ ಬರಲಿಲ್ಲ. ಎಮ್ಮೆ ನೀರು ಕುಡಿಯುವ ಬಾನಿಯ ಹತ್ತಿರ ನಿಂತು ಸೆರಗನ್ನು ಬಾಯಿಗೆ ಹಿಡಿದಳು.

"ವೈನಿ, ಅಳಾಕ ಬಂದಿಲ್ರಿ ನಾ. ಅತ್ತ ಮುಗಿಸೇನಿ. ನಾಳೆ ಹುಣ್ಣಿವಿ. ಕೆಂಪಿನ್ನ ಕೊಕಟನೂರ ಕಡೆ ಹೊಂಡಸ್ಯಾರ್ರಿ."

"ದರ್ಶನಕ್ಕ?"

"ದರ್ಶನಕ್ಕ ಯಾರ ಹಸರ ಬಳಿ ಇಡಸ್ತಾರ್ರಿ? ಜೋಗತಿ ನಿನ್ನೆನ ಬಂದ ಕುಂತಾಳ. ಮುತ್ತು ತಂದಾಳ."

ತುಳಸಾ ಹೊಸ್ತಿಲು ದಾಟಿ ಬಾನಿಯ ಹತ್ತಿರ ಬಂದಳು.

"ಹುಡುಗಿ ಮತ್ತ ಮಾತ ಬಿಟ್ಟಾಳ್ರಿ. ಉಣವಲ್ಲಳು. ತಾನ ತಲಿಗೆ ಬೂದಿ ಹಚ್ಚಿ ಹಚ್ಚಿ ಬಿಚ್ಚಿದ್ದನ್ನ ಮತ್ತ ಗಂಟ ಹಾಕ್ಕೋಳಾಕತ್ತಾಳ. ಅಕಿ ಜಡಿ ಬಿಚ್ಚಿದ್ದಕ್ಕನ ಅಮ್ಮ ಸರ್‌ನ ಬಾವಿಗೆ ಎಳಕೊಂಡ್ಳು ಅಂತ ಊರ ತುಂಬಾ ಐತಲ್ರಿ. ಹುಡುಗಿ ಕಿವಿಗೆ ಬಿದ್ದೈತಿ. ನಾನೂ ಹಣಗಿ ಹಿಡದಾಕಿ. ಮಾತ ನನಗೂ ಬರತಾವ, ನನ್ನ ಬಿಡ್ರಿ. ತುರಕರಾಕಿ ಕೈಲೆ ಬಾಚಿಸ್ಯಾನ, ಅದಕ್ಕ ಅಮ್ಮ ಸಿಟ್ಟಾದ್ಳು ಅಂತಾರ. ಅನ್ನವಲ್ಲರ್ಯಾಕ." ಅವಳು ಮೂಗು ಒರೆಸಿಕೊಂಡಳು. "ನೀವು ಬಂದ ಒಂದ ಮಾತ ಹೇಳ್ರಿ ವೈನಿ. ಸರ್ ಕಾಲ ಜಾರಿ ಬಿದ್ದಾರ, ನಿನ್ನಿಂದ ಅಲ್ಲ ಅಂತ. ಅವರ ಹೆಣ್ತಿ ಹೇಳಿದ್ರ ಹುಡುಗಿ ನಂಬತಾಳ."

"ಖೋಲಿ?"

"ಕೀಲಿ ಬಿದ್ದೈತ್ರಿ. ಹೆಡ್‌ಮಾಸ್ತರ್ ಜಮಖಾನಿ ತುಂಬಸ್ಯಾರ." ಮೆಹರುಬಿ ಹೋಗುತ್ತ ತಿರುಗಿದಳು. "ಅಲ್ರಿ ವೈನಿ, ಮಹಾಪೂರದಾಗ ಕೃಷ್ಣಾ ಈಸಿದ ಮನಷ್ಯಾ. ಬಾವ್ಯಾಗ ಹೆಂಗ್ರಿ?"

ತುಳಸಾ ಬಾನಿಯ ನೀರು ನೋಡುತ್ತ ನಿಂತಳು. ಇದನ್ನೇ ಊರೆಲ್ಲ ಕೇಳಿತ್ತು. ಹೆಣ ಮಣ್ಣಿಗೆ ಹೋಗುವ ಮೊದಲೇ ಕೇಳಿತ್ತು. ಈಸು ಬಲ್ಲವನು ಎದೆಮಟ್ಟದ ನೀರಿನಲ್ಲಿ ಹೇಗೆ ಮುಳುಗಿದ? ಬಾವಿಗಿಳಿದು ಅಣ್ಣನನ್ನು ಎತ್ತಿದವನು ದುರಗಪ್ಪ. ಅಲ್ಲಿ ಕಂಡದ್ದನ್ನು ಅವನು ತಾಯಿಗೆ ಹೇಳಿದ, ಅತ್ತಿಗೆಗೆ ಹೇಳಿದ. ಕಾಲು ಜಾರಿ ಬಿದ್ದದ್ದಲ್ಲ, ಅವನಾಗಿಯೇ ಹೋಗಿದ್ದ. ಹೊರಗಿನವರಿಗೆ ಗೊತ್ತಾಗದಂತೆ ದುರಗಪ್ಪ ಅದರ ಗುರುತುಗಳನ್ನೆಲ್ಲ ನೀರಿನಲ್ಲಿಯೇ ಬಿಟ್ಟು ಬಂದಿದ್ದ. ಕಟ್ಟೆಯ ಮೇಲೆ ಹತ್ತು ಮಂದಿ ಸುತ್ತುಗಟ್ಟಿ "ಹೆಂಗೋ ದುರಗ್ಯಾ?" ಎಂದು ಕೇಳಿದಾಗ ಅವನಿಗೆ ಬೇರೆ ಮಾತು ಸಿಗಲಿಲ್ಲ. "ಅಮ್ಮ ಎಳಕೊಂಡ್ಳೋ. ಜಡಿ ಬಿಚ್ಚಿಸಿದ್ದ," ಎಂದು ಬೋರಾಡಿ ಅತ್ತ. ಹತ್ತು ಮಂದಿಯೂ ತಲೆದೂಗಿದರು. ಅದು ಲೆಕ್ಕಕ್ಕೆ ಸರಿಯಾಗಿ ಕೂಡುತ್ತಿತ್ತು.

*

ಸಂಜೆಯ ಹಾಲಿಗೆ ಮೊದಲು ದುರಗಪ್ಪ ಮನೆಗೆ ಬಂದಾಗ ತುಳಸಾ ಕೈಯಲ್ಲಿ ದಸ್ತಿ ಹಿಡಿದು ಪಡಸಾಲೆಯಲ್ಲಿ ನಿಂತಿದ್ದಳು.

"ಎಲ್ಲಿಗ್ರಿ ವೈನಿ?"

"ಲಗಮವ್ವನ ಮನಿಗೆ. ನಿಮ್ಮಣ್ಣ ತಂದಿದ್ದ ಹಣಗಿ ಕೊಡಬೇಕು."

"ನಾ ಒಯ್ದ ಕೊಡತೀನಿ ತರ್ರಿ. ನೀವ್ಯಾಕ ಇಷ್ಟ ಲಗೂ ಹೊರಗ ಬೀಳ್ತೀರಿ? ಮಂದಿ ಏನಂತಾರ?"

"ಹುಡುಗಿಗೂ ಒಂದ ಮಾತ ಹೇಳಬೇಕು."

ದುಂಡವ್ವ ಒಲೆಯ ಮುಂದಿನಿಂದ ಎದ್ದು ಬಂದಳು. "ಏನ ಮಾತ?"

"ಅಕಿ ತಲಿ ಮ್ಯಾಲ ಹಾಕಿದ್ದನ್ನ ಇಳಸಬೇಕಲ್ರಿ ಅತ್ತಿ."

ಒಳಗೆ ನಾದಿನಿ ರಾಮವ್ವ ಸೀರೆಗೆ ಅಂಚು ಹಚ್ಚುತ್ತಿದ್ದಳು. ಕಾಗವಾಡದವರ ಜೊತೆ ಅವಳ ಲಗ್ನ ಕೂಡಿತ್ತು.

"ಅಮ್ಮ ಒಯ್ದಳು ಅಂದ್ರ ಮಾನ ಉಳೀತು," ಎಂದ ದುರಗಪ್ಪ ಮೆಲ್ಲಗೆ. "ಅಣ್ಣ ತಾನ ಬಿದ್ದ ಅಂದ್ರ ಏನ ಉಳೀತದ? ಕಾಗವಾಡದವರು ಅಡಿಕಿ ತಿರಗಿ ಕಳಸ್ತಾರ. ಅವರ ಮನೆತನದಾಗ ಹುಚ್ಚೈತಿ ಅಂತಾರ. ಯಾರರ ಬರತಾರೇನ್ರಿ ನಮ್ಮ ಹೆಣ್ಣಿಗೆ?"

"ಆ ಹೆಣ್ಣೂ ಹೆಣ್ಣಲ್ಲೇನು?"

"ಅದಕ್ಕ ಅಪ್ಪಿಲ್ಲ, ಅವ್ವಿಲ್ಲ," ಎಂದಳು ದುಂಡವ್ವ. "ಅದರ ಹಣ್ಯಾಗ ಇಂದಿಲ್ಲ ನಾಳೆ ಅದ ಇತ್ತು. ನಮ್ಮ ಮಾತಿಂದ ಏನ ಆಗಿಲ್ಲ. ದೊಡ್ಡ ವಿದ್ಯಾ ಕಲತಾಕಿ ಬಂದಿ. ಒಂದ ಹಾಸಿಗ್ಯಾಗ ಮಲಗಿದ ಗಂಡನ ಮನಸ ತಿಳೀಲಿಲ್ಲ ನಿನಗ. ಇನ್ನ ಊರ ಮಂದಿ ಮಕ್ಕಳ ಮನಸ ತೊಳೀತಿ ಏನು?"

ಆ ಮಾತು ನಿಜವಿತ್ತು. ತುಳಸಾ ಚಪ್ಪಲಿ ಹಾಕಿಕೊಂಡಳು.

ಇಷ್ಟು ವರ್ಷ ಬಹುವಚನ ಬಿಡದ ದುರಗಪ್ಪ ಆಗ ಬಿಟ್ಟ. "ಹೋಗು. ಆದರ ಹೇಳಿದಿ ಅಂದ್ರ ಈ ಬಾಗಲಾ ಮರತಬಿಡು."

*

ಬೀದಿಯ ನಳದ ಹತ್ತಿರ ಹೆಂಗಸರು ಕೊಡ ಸರಿಸಿಕೊಂಡು ಮುಖ ತಿರುಗಿಸಿದರು. ಗಂಡ ಸತ್ತವಳು ಇಷ್ಟು ಬೇಗ ಎದುರಿಗೆ ಬರಬಾರದು. ಅವರಲ್ಲಿ ಇಬ್ಬರು ಆ ಖೋಲಿಯಲ್ಲಿ ಕುಳಿತು ಅತ್ತು ಹೋದವರು. ಅವರ ಗಂಡಂದಿರ ಕುಡಿತ, ಅವರ ಮಕ್ಕಳ ಹೆದರಿಕೆ, ಒಬ್ಬಳು ಸೀಮೆಎಣ್ಣೆಯ ಡಬ್ಬಿ ಹಿಡಿದು ನಿಂತ ದಿನ, ಎಲ್ಲ ಹಾಲಸಿದ್ದನಿಗೆ ಗೊತ್ತಿತ್ತು. ತುಳಸಾಗೆ ಗೊತ್ತಿರಲಿಲ್ಲ. ಅವನು ಯಾರ ಮಾತನ್ನೂ ಮನೆಗೆ ತಂದವನಲ್ಲ.

ಲಗಮವ್ವನ ಮನೆ ಒಂದೇ ಅಂಕಣದ್ದು. ಬಾಗಿಲಲ್ಲಿ ಆಗಲೇ ನೆರೆಯವರು ಸೇರಿದ್ದರು. ಒಳಗೆ ಜೋಗತಿ ಕಾಲು ಚಾಚಿ ಎಲೆಅಡಿಕೆ ಹಾಕಿಕೊಳ್ಳುತ್ತ ಕೂತಿದ್ದಳು. ಪಕ್ಕದ ಬುಟ್ಟಿಯಲ್ಲಿ ಅಮ್ಮನ ಹಿತ್ತಾಳೆಯ ಮುಖ, ಅದರ ಮುಂದೆ ಭಂಡಾರದ ತಾಟು, ತಾಟಿನ ಅಂಚಿನಲ್ಲಿ ಕೆಂಪು ಬಿಳಿ ಮುತ್ತಿನ ಸರ. ಹೊಸ ಹಸಿರು ಬಳೆ ತೊಟ್ಟ ಕೆಂಪಿ ಮೂಲೆಯಲ್ಲಿದ್ದಳು. ತಲೆಯ ಒಂದು ಬದಿಯ ಕೂದಲು ಬಿಡಿಯಾಗಿತ್ತು, ಇನ್ನೊಂದು ಬದಿ ಹಗ್ಗದಂಥ ಜಡೆ. ಎರಡರ ಮೇಲೂ ಬೂದಿ, ಅರಿಶಿನ. ಹನ್ನೆರಡು ತುಂಬಿದ ಹುಡುಗಿ ಎಂಟರವಳಂತೆ ಮುದುಡಿದ್ದಳು.

"ಬರ್ರಿ ಬಾಯಾರ," ಎಂದಳು ಜೋಗತಿ. "ತಾಯಿಗೆ ತಪ್ಪಕಾಣಿಕಿ ತಂದ್ರೇನು? ತಡಾ ಮಾಡಿದ್ರಿ. ಗಂಡ ಇದ್ದಾಗ ತರಬೇಕಿತ್ತು."

ಬಾಗಿಲಲ್ಲಿದ್ದವರು ನಕ್ಕರು. ಲಗಮವ್ವ ನಗಲಿಲ್ಲ. ಕೈ ಚಾಚಿದಳು.

"ಹಣಗಿ ತಂದಿಯಾ ನಮ್ಮವ್ವಾ? ಕೊಡು. ನಾಳೆ ನೀರಿಗೆ ಬಿಡತೀನಿ. ಇದ ಹಣಗಿಯಿಂದ ನಿನ್ನ ಗಂಡ ಹ್ವಾದ, ನನ್ನ ಮೊಮ್ಮಗಳಿಗೆ ಪಾಪ ಸುತ್ತಕೊಂಡ್ತು. ಮುತ್ತು ಕಟ್ಟಿದ್ರ ಇಬ್ಬರದೂ ಹರೀತದ."

ತುಳಸಾ ಹಣಗಿ ಕೊಡಲಿಲ್ಲ. ಕೆಂಪಿಯ ಎದುರಿಗೆ ಕುಳಿತಳು.

"ಕೆಂಪೀ, ಸರ್ ಹೆಂಗ ಸತ್ರು?"

ಹುಡುಗಿ ಬಳೆ ನೋಡುತ್ತಿದ್ದಳು. ಅದನ್ನು ಒಂದು ಸುತ್ತು ತಿರುವಿ, "ನನ್ನ ಜಡಿ ಬಿಚ್ಚಿದ್ದಕ್ಕ," ಎಂದಳು.

"ಯಾರ ಹೇಳಿದ್ರು?"

"ಎಲ್ಲಾರೂ."

ಇಂಥ ಮಗುವಿಗೆ ಏನು ಹೇಳಬೇಕು, ಎಷ್ಟು ಹೇಳಬೇಕು, ಯಾವ ದನಿಯಲ್ಲಿ ಹೇಳಬೇಕು, ಎಲ್ಲವನ್ನೂ ತುಳಸಾ ಓದಿದ್ದಳು. ಏನೂ ನೆನಪಾಗಲಿಲ್ಲ. ಮೆಹರುಬಿ ಬೇಡಿಕೊಂಡದ್ದನ್ನೇ ಹೇಳಿದಳು.

"ಅಲ್ಲ. ಕಾಲ ಜಾರಿ ಬಿದ್ರು. ನಿನ್ನಿಂದ ಏನೂ ಆಗಿಲ್ಲ."

ಜೋಗತಿ ಎಲೆಯ ರಸವನ್ನು ಒಲೆಯ ಬೂದಿಗೆ ಉಗುಳಿದಳು. "ಜಾರಿದ್ರ ಈಸಬೇಕಿಲ್ಲೇನ್ರಿ? ಹೊಳಿ ಈಸಿದ ಗಂಡಸು. ನಿಮ್ಮ ಮೈದುನನ ಹೇಳ್ಯಾನ ಅಮ್ಮ ಕಾಲ ಹಿಡದ ಎಳದ್ಳು ಅಂತ. ಎತ್ತಿದಾಂವ ಅಂವ. ನೀವ ಅಲ್ಲೇನ ನೋಡೀರಿ?"

ಕೆಂಪಿ ತುಳಸಾಳ ಮುಖ ನೋಡಿದಳು, ಮತ್ತೆ ಬಳೆಗೆ ಕಣ್ಣು ಇಳಿಸಿದಳು. ನಂಬಲಿಲ್ಲ. ಸುಳ್ಳು ಯಾವುದು ಎಂಬುದು ಆ ಖೋಲಿಯಲ್ಲಿ ಕುಳಿತು ಎದ್ದ ಹುಡುಗಿಗೆ ಗೊತ್ತಾಗುತ್ತಿತ್ತು. ಒಂದು ಕೈ ತಾನಾಗಿ ಮೇಲೆ ಹೋಗಿ ಬಿಡಿಗೂದಲನ್ನು ತಿರುವಿ ತಿರುವಿ ಗಂಟು ಹಾಕತೊಡಗಿತು.

ತುಳಸಾ ಆ ಕೈಯನ್ನು ನೋಡಿದಳು.

"ಹೌದು. ಸರ್‌ಗೆ ಈಸ ಬರ್ತಿತ್ತು," ಎಂದಳು. "ಈಸಬಾರದು ಅಂತ ಮಾಡಿಕೊಂಡನ ಇಳದಿದ್ರು. ಯಾವ ಅಮ್ಮನೂ ಎಳದಿಲ್ಲ. ತಾವ ಹೋಗಿ ಬಿದ್ದಾರ. ದುರಗಪ್ಪ ನೋಡ್ಯಾನ, ನಮ್ಮತ್ತಿಗೆ ಗೊತ್ತೈತಿ, ನನಗ ಗೊತ್ತೈತಿ. ಮಾನಕ್ಕ ಅಂಜಿ ನಿನ್ನ ತಲಿ ಮ್ಯಾಲ ಹಾಕೀವಿ."

ಬಾಗಿಲಲ್ಲಿ ಯಾರೋ "ಅಯ್ಯ ಶಿವನ" ಅಂದರು.

ಲಗಮವ್ವನ ಚಾಚಿದ ಕೈ ಹಾಗೆಯೇ ಇತ್ತು. ಜೋಗತಿ ಅಗಿಯುವುದನ್ನು ನಿಲ್ಲಿಸಿದ್ದಳು. ತುಳಸಾಳ ತೊಡೆಯ ಮೇಲಿನ ದಸ್ತಿಯನ್ನೇ ನೋಡುತ್ತಿದ್ದಳು.

"ಹಣಗಿ ಯಾರ ಕಡೆ ಇತ್ತು?" ಎಂದು ಕೇಳಿದಳು. ದನಿಯಲ್ಲಿ ಆಟ ಇರಲಿಲ್ಲ.

"ಅವರ ಕಡೆ. ಆ ಮುಂಜಾನಿ ಬಾವಿಗೆ ಹೋಗೂಕಿಂತ ಮೊದಲ ತಮ್ಮ ಕೈಯಾರೆ ಸುತ್ತಿ ಇಟ್ಟಾರ. ಇದ ದಸ್ತಿ."

ಜೋಗತಿ ಬುಟ್ಟಿಯನ್ನು ಹಿಂದಕ್ಕೆ ಎಳೆದುಕೊಂಡಳು. ಭಂಡಾರದ ತಾಟನ್ನೂ ಎಳೆದುಕೊಂಡಳು. "ಸಾಯಾಕ ಹೊಂಟವನ ಕೈ. ದುರ್ಮರಣ. ಅದ ಕೈಯಾಗಿನ ಹಣಗಿ ಈ ತಲಿಯಾಗ ಆಡೇತಿ." ಎದ್ದಳು. "ಲಗಮಿ, ಇದು ಸೂತಕ ಅಲ್ಲ ತೊಳದ ಹೋಗಾಕ. ಬೇವಿನೆಲಿ ನೀರಿಗೂ ಹೋಗೂದಿಲ್ಲ. ಇಂಥಾ ಜಡಿ ಒಯ್ದ ತಾಯಿ ಮುಂದ ನಿಂದ್ರಿಸಿದ್ರ ನನ್ನ ಕಣ್ಣ ಹೋದಾವು. ಮುತ್ತು ನಾ ಮುಟ್ಟೂದಿಲ್ಲ."

"ಹಂಗನಬ್ಯಾಡ ನಮ್ಮವ್ವ." ಲಗಮವ್ವ ಅವಳ ಕಾಲು ಹಿಡಿದಳು. "ನಾ ಇಂದೋ ನಾಳೆಯೋ ಹೊಂಟಾಕಿ. ನಾ ಹೋದ ಮ್ಯಾಲ ಅಕಿನ್ನ ಯಾರ ನೋಡವರು? ದೇವರರ ನೋಡಲಿ ಅಂತ ಮಾಡಿದ್ನಿ."

"ದೇವರಿಗೆ ಹೊಲಸ ಕೊಡತಾರೇನ? ಬೋಳಿಸು. ಬೋಳಿಸಿ ಶಾಲಿಗೆ ಕಳಸು, ಮತ್ತೊಬ್ಬ ಮಾಸ್ತರ ಸಿಗತಾನ." ಮುತ್ತಿನ ಸರವನ್ನು ಸೆರಗಿನಲ್ಲಿ ಗಂಟು ಕಟ್ಟಿ, ಬುಟ್ಟಿಯನ್ನು ತಲೆಗಿಟ್ಟುಕೊಂಡು ಜೋಗತಿ ಹೊರಬಿದ್ದಳು. ಬಾಗಿಲಲ್ಲಿದ್ದವರು ಅವಳಿಗಿಂತ ಮೊದಲೇ ಸರಿದು ದಾರಿ ಮಾಡಿದರು.

ಹುಡುಗಿ ಉಳಿದಳು. ಶುದ್ಧಳೆಂದು ಅಲ್ಲ, ಕಾಯ್ದೆ ಇದೆಯೆಂದು ಅಲ್ಲ, ಅವಳು ಎಳೆಯಳೆಂದೂ ಅಲ್ಲ. ಹೊಲಸಾಗಿದ್ದಾಳೆಂದು.

ಹೊರಗೆ ಮಾತು ಎದ್ದಿತು. "ತಾನ ಸಾಯಾವ ನಮ್ಮ ಹುಡುಗೂರಿಗೆ ಬದುಕೂದ ಕಲಸ್ತಿದ್ನಂತ," ಎಂದಿತು ಒಂದು ದನಿ. ನಳದ ಹತ್ತಿರ ಮುಖ ತಿರುಗಿಸಿದ್ದವಳದೇ ಇರಬೇಕು. "ನನ್ನ ಮಗಳ್ನ ನಾಕ ಸಲ ಕಳಸೀನವಾ ಅಂವನ ಕಡೆ," ಎಂದಿತು ಇನ್ನೊಂದು. "ಹೂಂ?" ಎಂದು ಹುಡುಗನೊಬ್ಬ ಕೂಗಿದ. "ಮುಂದ?" ಎಂದು ಇನ್ನೊಬ್ಬ. ನಗೆ ಬೀದಿಯ ತುದಿಗೆ ಓಡಿತು. ಅದು ಇನ್ನು ದುಂಡವ್ವನ ಪಡಸಾಲೆ ಮುಟ್ಟುತ್ತದೆ. ಆಮೇಲೆ ಕಾಗವಾಡ ಮುಟ್ಟುತ್ತದೆ. ಆ ಖೋಲಿಯ ಬಾಗಿಲು ಇನ್ನೊಮ್ಮೆ ತೆರೆಯುವುದಿಲ್ಲ ಎಂಬುದು ತುಳಸಾಗೆ ತಿಳಿಯಿತು. ಕೇಳುವ ಮಾಸ್ತರ ಬಂದರೂ ಹೇಳುವ ಮಕ್ಕಳನ್ನು ಯಾರೂ ಕಳಿಸುವುದಿಲ್ಲ.

ಲಗಮವ್ವ ನೆಲ ಬಡಿದು ಶಪಿಸುತ್ತಿದ್ದಳು. ಹಾಲಸಿದ್ದನನ್ನು, ತುಳಸಾಳನ್ನು, ಸತ್ತ ಮಗಳನ್ನು, ಇಚಲಕರಂಜಿಯ ಅಳಿಯನನ್ನು. ಶಪಿಸುವುದಕ್ಕೆ ಯಾರೂ ಉಳಿಯದಾದಾಗ ಗೋಡೆಗೆ ಒರಗಿ ಕೂತಳು.

ಕೆಂಪಿಯ ಕೈ ಕೂದಲಿನಿಂದ ಕೆಳಗೆ ಬಂದಿತ್ತು.

"ನನ್ನಿಂದ ಅಲ್ಲೇನ್ರಿ?"

"ಅಲ್ಲ."

ಹುಡುಗಿ ಆ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಂಡು ತೂಗಿ ನೋಡಿದಳು. ಮುಖದಲ್ಲಿ ಗೆಲುವೇನೂ ಬರಲಿಲ್ಲ. ಬಂದದ್ದು ಬೇರೆ. ತುಳಸಾ ಅದನ್ನು ಹೆಸರಿಸಬಲ್ಲಳಾಗಿದ್ದಳು, ಹೆಸರಿಸಲಿಲ್ಲ.

"ಮತ್ತ ಯಾಕ ಬಿದ್ರು?"

"ಗೊತ್ತಿಲ್ಲ."

"ಯಾರ ಮುಂದೂ ಹೇಳಲಿಲ್ಲೇನ್ರಿ ಅವರು?"

ಚಹಾ ಸೋಸಿದ ಆ ಬೆಳಗ್ಗೆ ತುಳಸಾ ಹೂಂ ಅಂದಿದ್ದಳು. ಮುಂದ ಅಂದಿರಲಿಲ್ಲ.

"ಇಲ್ಲ," ಎಂದಳು.

"ನನಗ ಹೇಳಬೇಕಿತ್ತು," ಎಂದಳು ಕೆಂಪಿ. ಸಿಟ್ಟಿನಿಂದಲೇ ಹೇಳಿದಳು. "ಶನಿವಾರ ಶನಿವಾರ ಅಲ್ಲೇ ಇರ್ತಿದ್ನೆಲ್ಲ ನಾ. ನಾ ಅಂತಿದ್ನಿ, ಹೂಂ, ಮುಂದ ಅಂತ."

ತುಳಸಾ ದಸ್ತಿ ಬಿಚ್ಚಿದಳು. ಹಣಗಿಯನ್ನು ಹುಡುಗಿಯ ಅಂಗೈಯಲ್ಲಿಟ್ಟಳು. ಬೆರಳುಗಳು ಮಡಚಲಿಲ್ಲ, ಒಂದೊಂದಾಗಿ ಅವಳೇ ಮಡಚಿದಳು. ದಸ್ತಿಯನ್ನು ಮಾತ್ರ ಇಟ್ಟುಕೊಂಡಳು. ಅದು ಎರವಲಿನದಲ್ಲ.